ಒಕ್ಕಣೆ

ಶಿಡ್ಲಘಟ್ಟದ ತಾಲ್ಲೂಕು ಕಚೇರಿಯೆದುರು
ಹೊಂಗೆಮರದ ಬುಡದಲ್ಲಿ ನನ್ನ ಮೇಜು, ಟೈಪ್‌ರೈಟರು.
ಅದರಲ್ಲಿ ‘ಳ’ ಸರಿಯಾಗಿ ಮೂಡುವುದಿಲ್ಲ, ಕೈಯಲ್ಲಿ ತಿದ್ದುತ್ತೇನೆ.
ಪಹಣಿ, ಪೌತಿ ಖಾತೆ, ವಿಧವಾ ವೇತನ
ಯಾವುದಕ್ಕಾದರೂ ಒಕ್ಕಣೆ ಬೆರಳಿಗೆ ಬಾಯಿಪಾಠ.
ಹಾಳೆಗೆ ಇಪ್ಪತ್ತು ರೂಪಾಯಿ.

ಆವತ್ತು ಬಂದವಳು ಖುರ್ಷಿದಾ ಬೀ,
ಹುರಿ ಮಿಷನ್ನಿನ ಎಣ್ಣೆ ಸೆರಗಿನಲ್ಲಿ.
“ಬರಿ ರವಣಪ್ಪ, ನೋವಿನ ಮಾತ್ರೆ
ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು.”
ಯಾವ ನೋವು ಅಂದೆ.
ಅಕ್ಕ ಜೈಬುನ್ನಿಸಾಳ ಎದೆಯ ಗಡ್ಡೆ ಒಡೆದದ್ದು,
ಬೆಂಗಳೂರಿನಲ್ಲಿ ಹದಿನೈದು ದಿನಕ್ಕಷ್ಟೇ ಮಾತ್ರೆ ಕೊಡುವುದು,
ಹದಿಮೂರಕ್ಕೇ ಡಬ್ಬಿ ಬರಿದಾಗುವುದು,
ಆ ಎರಡು ರಾತ್ರಿ ಓಣಿಗೆ ಕೇಳದಿರಲೆಂದು
ನೂಲಿಲ್ಲದೆಯೂ ಮಿಷನ್ನು ಓಡಿಸಿಟ್ಟದ್ದು,
ಎಲ್ಲ ಹೇಳಿದಳು, ಕರೆಂಟು ಬಿಲ್ಲು ಓದಿದ ಹಾಗೆ.

ವಿಷಯ: ಎಂದು ಹೊಡೆದು ಬೆರಳು ನಿಂತಿತು.
ಮೂವತ್ತು ವರ್ಷದ ಕಸುಬಿನಲ್ಲಿ
ಆ ಎರಡು ಚುಕ್ಕೆಯ ಮುಂದೆ ನರಳಿಕೆಯನ್ನು ಕೂರಿಸಿರಲಿಲ್ಲ.
‘ತಾವು ದಯಮಾಡಿ ಕೃಪೆ ತೋರಿ’ ಅಂತ ಶುರುಮಾಡಿದೆ, ರೂಢಿ.
ಓದಿಸಿಕೊಂಡು ಕೇಳಿದಳು:
“ಕೃಪೆ ಯಾಕೆ? ದರ್ಗಾಕ್ಕೆ ಬಂದಿದ್ದೀನಾ? ಹೊಡೆದುಹಾಕು.”
ಕೃಪೆಯ ಮೇಲೆ ಅಡ್ಡಗೆರೆ ಕುಟ್ಟಿದೆ.
ಅಷ್ಟುದ್ದದ ಮೊದಲ ಸಾಲು
ಏಕಾಏಕಿ ಗಿಡ್ಡವಾಗಿ, ನೆಟ್ಟಗೆ ನಿಂತಿತು.

ಕಚೇರಿ ಹೇಳಿತು: ಇದು ಆರೋಗ್ಯ ಇಲಾಖೆಗೆ.
ಆರೋಗ್ಯ ಹೇಳಿತು: ಇದು ಅಮಲಿನ ಪದಾರ್ಥ, ಅಬಕಾರಿಯವರನ್ನು ಕೇಳಿ.
ಅಬಕಾರಿ ಏನೂ ಹೇಳದೆ ಹಿಂಬರಹ ಕೊಟ್ಟಿತು.
ಚಿಕ್ಕಬಳ್ಳಾಪುರದ ಸಾಹೇಬರು, ಒಳ್ಳೆಯವರೇ, ಟೀ ತರಿಸಿ ಕೇಳಿದರು:
“ನಿಮ್ಮಕ್ಕ ಒಬ್ಬರಿಗಾಗಿ ನಿಯಮ ಆಗುತ್ತೇನಮ್ಮಾ?
ಅಂಕಿಅಂಶ ಎಲ್ಲಿ?”

ಮೂರು ತಿಂಗಳು ಅವಳು ಕಾಣಲಿಲ್ಲ.
ಬಂದಾಗ ಮೇಜಿನ ಮೇಲಿಟ್ಟದ್ದು ಒಂದು ಲಡಿ ರೇಷ್ಮೆ ಹುರಿ,
ನಡುನಡುವೆ ಗಂಟು.
ಅಕ್ಷರ ಬಾರದವಳ ಜನಗಣತಿ.
“ಇದು ಮೇಲೂರು, ನಾಲಗೆ, ಬಳೆ ಮಾರುವವನು.
ಇದು ಗಂಜಿಗುಂಟೆ, ಗರ್ಭಚೀಲ, ಮೂವತ್ತೆಂಟು ವಯಸ್ಸು.
ಇದು ಜಂಗಮಕೋಟೆ, ಶಾಲೆ ಬಿಟ್ಟ ಹುಡುಗ, ಕಾಲಿನ ಮೂಳೆ.
ಒತ್ತೊತ್ತಿಗೆ ಎರಡು ಗಂಟು ನೋಡು, ಗಂಡಹೆಂಡತಿ.”
ಬೆರಳು ಸರಿಯುತ್ತಿತ್ತು ತಸ್ಬಿಯ ಮೇಲೆ ಸರಿದಂತೆ,
ನಾನು ಹೊಡೆಯುತ್ತಿದ್ದೆ:
ಅನುಬಂಧ ಒಂದು, ಕ್ರಮಸಂಖ್ಯೆ ಒಂದರಿಂದ ನಲವತ್ತೊಂದು.
ಕೊನೆಯ ಗಂಟು ಬಿಚ್ಚಿತ್ತು;
ನೂಲಿನಲ್ಲಿ ಅದರ ಸುಕ್ಕು ಮಾತ್ರ.
ನಾನು ಕೇಳಲಿಲ್ಲ.
“ಅವಳ ಹೆಸರೂ ಬರಿ,” ಅಂದಳು.
“ಈಗ ಬೇಡ ಅಂದರೆ
ಆಗ ಬೇಡವಾಗಿತ್ತು ಅಂತಲ್ಲ.”

ಎಷ್ಟು ಅರ್ಜಿಯೋ, ಲೆಕ್ಕ ತಪ್ಪಿದೆ.
ನಾಲ್ಕನೆಯದರಿಂದ ದುಡ್ಡು ಬೇಡವೆಂದೆ,
ಅವಳು ಎಣಿಸಿ ಇಟ್ಟೇ ಹೋದಳು.
ಗಂಟುಗಂಟಿನ ಮನೆಯವರು ಒಬ್ಬೊಬ್ಬರಾಗಿ ಜೊತೆಗೂಡಿ
ಸೋಮವಾರ ಸೋಮವಾರ ಸಾಹೇಬರ ಬಾಗಿಲಲ್ಲಿ ಕೂತರು.
ಘೋಷಣೆಯಿಲ್ಲ, ಬಾವುಟವಿಲ್ಲ,
ಅಂಗೈಯಲ್ಲಿ ಹಿಸುಕಿದ ಖಾಲಿ ಮಾತ್ರೆಪಟ್ಟಿಗಳ ಚರಪರ.

ಸುತ್ತೋಲೆ ಬಂದದ್ದು ಆಷಾಢದಲ್ಲಿ. ಒಂದೂವರೆ ಪುಟ.
ಖುರ್ಷಿದಾ ಇಲ್ಲ, ಲಡಿ ಇಲ್ಲ,
ಮಿಷನ್ನು ಬರಿದೇ ತಿರುಗಿದ ರಾತ್ರಿಗಳಿಲ್ಲ.
ಆದರೆ ನಾಲ್ಕನೇ ಸಾಲಿನಲ್ಲಿ ನಮ್ಮ ಅರ್ಜಿಯ ಎರಡು ಪದ
ಹಾಗ್ಹಾಗೇ ಇದ್ದವು: ‘ತಾಲ್ಲೂಕು ಆಸ್ಪತ್ರೆಯಲ್ಲೇ’.
ಆ ‘ಲ್ಲೇ’ ಸರ್ಕಾರದ್ದಲ್ಲ, ನನ್ನದೂ ಅಲ್ಲ.
‘ಲ್ಲಿ’ ಸಾಕೆಂದು ನಾನು ಪ್ರತಿಸಲ ಅಂದಿದ್ದೆ.

ಓದಿ ಹೇಳಿದೆ. ಖುಷಿಪಟ್ಟಾಳೆಂದು ಎರಡು ಟೀ ಹೇಳಿದ್ದೆ.
“ಕೊನೆಗೆ ಅದೇನೋ ಓದಿದೆಯಲ್ಲ,
ದಾಸ್ತಾನು ಲಭ್ಯತೆಗನುಸಾರ, ಹಾಗಂದರೇನು?”
ಇದ್ದರೆ ಕೊಡುತ್ತಾರೆ, ಅಂದೆ.
“ಇಲ್ಲದಿದ್ದರೆ?”

ಟೀ ಆರುತ್ತಿತ್ತು. ಹೊಂಗೆ ಹೂ ಒಂದು ಲೋಟಕ್ಕೆ ಬಿತ್ತು.
ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಇಟ್ಟು
ಹಾಳೆ ಏರಿಸು, ಅಂದಳು.
ಏರಿಸಿದೆ.

ವಿಷಯ: